ಯಾವ ಹೆಣ್ಣು ಜಿಂಕೆಯನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು

(ಅಮೆರಿಕದ ಬಿಳಿಬಾಲದ ಜಿಂಕೆಯ ಬೇಟೆ ಮತ್ತು ನಿರ್ವಹಣೆ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ಮಾತೆಲ್ಲ ಅಮೆರಿಕದ ಜಿಂಕೆಗಳದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು. ಅಲ್ಲಿ ಹುಲಿ, ಚಿರತೆ, ಸೀಳುನಾಯಿಗಳ ಹೊಟ್ಟೆ ತುಂಬುವುದೇ ಜಿಂಕೆಯಿಂದ. ಇಲ್ಲಿ ಪೂರ್ವ ಮತ್ತು ಮಧ್ಯ ರಾಜ್ಯಗಳ ಬಹುಪಾಲು ಕಡೆ ತೋಳ ಇಲ್ಲವಾಗಿ ನೂರು ವರ್ಷದ ಮೇಲಾಯಿತು. ತೋಳ ಮಾಡುತ್ತಿದ್ದ ಕೆಲಸ ಈಗ ಪರವಾನಗಿ ಪಡೆದ ಬೇಟೆಗಾರನ ಮೇಲೆ ಬಿದ್ದಿದೆ. ವಿಸ್ಕಾನ್ಸಿನ್, ಮಿಚಿಗನ್, ಪೆನ್ಸಿಲ್ವೇನಿಯಾ ಕಡೆ ಜಮೀನು ಕೊಂಡವರು, ನೆರೆಯವರ ಜೊತೆ ಕಾಡಿಗೆ ಹೋಗಲು ಶುರುಮಾಡಿದವರು ನಮ್ಮವರಲ್ಲೂ ಇದ್ದಾರೆ. ಅವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಹೆಣ್ಣನ್ನು ಹೊಡೆಯಬಹುದೇ? ಹೊಡೆಯುವುದಾದರೆ ಯಾವುದನ್ನು?’

ಹೊಡೆಯಬಹುದು, ಎಷ್ಟೋ ಕಡೆ ಹೊಡೆಯಲೇಬೇಕು. 1900ರ ಸುಮಾರಿಗೆ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕೆ ಸಿಕ್ಕಿ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಐದು ಲಕ್ಷಕ್ಕೆ, ಕೆಲವರ ಅಂದಾಜಿನಲ್ಲಿ ಅದಕ್ಕೂ ಕಡಿಮೆಗೆ, ಇಳಿದಿದ್ದವು. ಆಗ ಹಲವು ರಾಜ್ಯಗಳು ಹೆಣ್ಣನ್ನು ಮುಟ್ಟಬಾರದೆಂದು ಕಟ್ಟಳೆ ಮಾಡಿದವು. ಅದು ಫಲ ಕೊಟ್ಟಿತು. ಇಂದು ಸುಮಾರು ಮೂರು ಕೋಟಿ ಜಿಂಕೆಗಳಿವೆ. ಹಿಂಡು ತುಂಬಿದ ಮೇಲೂ ಆ ಕಟ್ಟಳೆ ಮಾತ್ರ ಜನರ ಮನಸ್ಸಿನಲ್ಲಿ ಧರ್ಮದಂತೆ ಕೂತುಬಿಟ್ಟಿತು. 1943ರಲ್ಲಿ ವಿಸ್ಕಾನ್ಸಿನ್ ಹೆಣ್ಣು ಜಿಂಕೆಗಳ ಬೇಟೆಗೆ ಅವಕಾಶ ಕೊಟ್ಟಾಗ ಜನ ರೊಚ್ಚಿಗೆದ್ದರು. ಅದರ ಪರ ನಿಂತಿದ್ದ ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ ಬೇಕಾದಷ್ಟು ಬೈಗುಳ ತಿಂದರು. ಮೇವಿಲ್ಲದೆ ಚಳಿಗಾಲದಲ್ಲಿ ಜಿಂಕೆಗಳು ಹಸಿದು ಸಾಯುತ್ತಿದ್ದದ್ದು ಅವರ ಕಣ್ಣ ಮುಂದಿತ್ತು.

ಗಂಡುಗಳನ್ನು ಮಾತ್ರ ಹೊಡೆದರೆ ಹಿಂಡು ಕುಗ್ಗುವುದಿಲ್ಲ. ಒಂದು ಗಂಡು ಒಂದೇ ಬೆದೆಗಾಲದಲ್ಲಿ ಹಲವು ಹೆಣ್ಣುಗಳನ್ನು ಕೂಡುತ್ತದೆ, ಹಾಗಾಗಿ ಅರ್ಧ ಗಂಡುಗಳು ಹೋದರೂ ಮುಂದಿನ ಜೂನ್‌ನಲ್ಲಿ ಹುಟ್ಟುವ ಮರಿಗಳ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಬಲಿತ ಹೆಣ್ಣು ಒಳ್ಳೆಯ ಮೇವಿರುವ ಕಡೆ ವರ್ಷಕ್ಕೆ ಎರಡು ಮರಿ ಹಾಕುವುದು ಸಾಮಾನ್ಯ. ಅಯೋವಾ, ಇಲಿನಾಯ್‌ನಂಥ ಮೆಕ್ಕೆಜೋಳದ ಸೀಮೆಯಲ್ಲಿ ಅದೇ ವರ್ಷ ಹುಟ್ಟಿದ ಹೆಣ್ಣುಮರಿಗಳಲ್ಲಿ ಹಲವು, ಆರೇಳು ತಿಂಗಳಿಗೇ ಬೆದೆಗೆ ಬಂದು ಗಬ್ಬ ಕಟ್ಟುತ್ತವೆ. ಹಿಂಡು ಹೆಚ್ಚಾದ ಗುರುತು ಕಾಡಿನಲ್ಲೇ ಕಾಣುತ್ತದೆ. ಸುಮಾರು ಐದಡಿ ಎತ್ತರದವರೆಗೆ, ಅಂದರೆ ಜಿಂಕೆಯ ಬಾಯಿ ಎಟಕುವವರೆಗೆ, ಗಿಡಗಳಲ್ಲಿ ಎಲೆಯಿಲ್ಲ. ಅದರ ಮೇಲೆ ಗೆರೆ ಎಳೆದಂತೆ ಹಸಿರು ಶುರುವಾಗುತ್ತದೆ. ಓಕ್ ಮರದ ಕೆಳಗೆ ಬೇಕಾದಷ್ಟು ಕಾಯಿ ಬಿದ್ದಿದ್ದರೂ ಮೊಣಕಾಲೆತ್ತರದ ಒಂದು ಸಸಿಯೂ ಸಿಗುವುದಿಲ್ಲ. ಅಂಥ ಕಾಡು ಮುಂದಿನ ತಲೆಮಾರಿನ ಮರಗಳನ್ನೇ ಕಳೆದುಕೊಂಡಿರುತ್ತದೆ.

ಇನ್ನು ಆಯ್ಕೆಯ ಮಾತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ‘ಯಾವ ಹೆಣ್ಣು’ ಎಂಬುದರಲ್ಲಿ ಮುಕ್ಕಾಲು ಭಾಗ ಬೇಟೆಯ ಕಾಲ ಶುರುವಾಗುವ ಮೊದಲೇ ತೀರ್ಮಾನ ಆಗಿರಬೇಕು. ಎಷ್ಟು ಹೆಣ್ಣು, ಜಮೀನಿನ ಯಾವ ಭಾಗದಲ್ಲಿ, ಯಾವ ವಾರದಲ್ಲಿ ಎಂಬುದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಿ. ಅಟ್ಟಣೆಯ ಮೇಲೆ ಕೂತಾಗ ಎರಡೇ ಪ್ರಶ್ನೆ ಉಳಿಯಬೇಕು: ಎದುರಿಗಿರುವುದು ನಿಜವಾಗಿ ಬಲಿತ ಹೆಣ್ಣೇ? ಗುಂಡು ಅಥವಾ ಬಾಣ ಶುದ್ಧವಾಗಿ ತಗಲುತ್ತದೆಯೇ?

ಲೆಕ್ಕ ಹೇಗೆ ಅನ್ನುವುದಕ್ಕೆ ಒಂದು ಮಾದರಿ ಕೊಡುತ್ತೇನೆ. 640 ಎಕರೆ, ಅಂದರೆ ಒಂದು ಚದರ ಮೈಲಿ, ಅರ್ಧ ಕಾಡು ಅರ್ಧ ಹೊಲ ಅಂದುಕೊಳ್ಳಿ. ಆಗಸ್ಟ್ ಕೊನೆಯಲ್ಲಿ ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದಾಗ ತಾನಾಗಿ ಫೋಟೊ ತೆಗೆಯುವಂಥದ್ದು) ಇಟ್ಟು ಎಣಿಸಿದಾಗ 20 ಬಲಿತ ಹೆಣ್ಣು, 10 ಗಂಡು, 18 ಮರಿ ಸಿಕ್ಕವು. ಹೆಣ್ಣೊಂದಕ್ಕೆ 0.9 ಮರಿ. ಮರಿಗಳಲ್ಲಿ ಅರ್ಧ, ಅಂದರೆ 9, ಹೆಣ್ಣು. ರಸ್ತೆ ಅಪಘಾತ, ರೋಗ, ಚಳಿಗೆ ವರ್ಷದಲ್ಲಿ ಎರಡು ಹೆಣ್ಣು ಹೋಗುತ್ತವೆ ಅಂತಿಟ್ಟುಕೊಂಡರೆ ಉಳಿಯುವ ಏಳೇ ಈ ವರ್ಷದ ಹೆಚ್ಚಳ. ಆ ಏಳನ್ನು ತೆಗೆದರೆ ಹಿಂಡು ಇದ್ದಲ್ಲೇ ಇರುತ್ತದೆ. ಹೆಣ್ಣುಗಳನ್ನು 15ಕ್ಕೆ ಇಳಿಸಬೇಕಾದರೆ 12 ತೆಗೆಯಬೇಕು. ಜನ ಮೂರೋ ನಾಲ್ಕೋ ಹೊಡೆದು ‘ಈ ಸಲ ಹೆಣ್ಣುಗಳನ್ನು ಚೆನ್ನಾಗಿ ಕಡಿಮೆ ಮಾಡಿದೆವು’ ಅನ್ನುತ್ತಾರೆ. ಮೂರು ತೆಗೆದ ವರ್ಷವೂ ಆ ಹಿಂಡು ಬೆಳೆದೇ ಬೆಳೆಯುತ್ತದೆ. ಇನ್ನೊಂದು ಮಾತು: ಹಿಂಡು ಇಳಿದ ಮೇಲೆ ಉಳಿದವಕ್ಕೆ ಮೇವು ಹೆಚ್ಚಿ ತಲೆಗೆ ಮರಿಗಳೂ ಹೆಚ್ಚುತ್ತವೆ. ಆದ್ದರಿಂದ ಒಂದು ವರ್ಷ ಕಷ್ಟಪಟ್ಟು ಕೈಬಿಡುವುದಕ್ಕಿಂತ ಪ್ರತಿ ವರ್ಷ ಎಣಿಸಿ, ಅಷ್ಟಕ್ಕೆ ತಕ್ಕಂತೆ ತೆಗೆಯುವುದೇ ದಾರಿ.

ನಲವತ್ತು ಎಕರೆಯವರು ಈ ಲೆಕ್ಕವನ್ನು ಒಬ್ಬರೇ ಹಾಕಲಾಗದು, ಜಿಂಕೆ ಬೇಲಿ ನೋಡುವುದಿಲ್ಲ. ಅಕ್ಕಪಕ್ಕದ ನಾಲ್ಕೈದು ಜಮೀನಿನವರು ಸೇರಿ ಒಂದೇ ಎಣಿಕೆ ಮಾಡಿ, ಯಾರ ಟ್ಯಾಗ್‌ನಲ್ಲಿ (ಜಿಂಕೆ ಹೊಡೆಯಲು ರಾಜ್ಯ ಕೊಡುವ ಅನುಮತಿ ಚೀಟಿ) ಎಷ್ಟು ಹೆಣ್ಣು ಎಂಬುದನ್ನು ಹಂಚಿಕೊಳ್ಳಿ.

ಎಲ್ಲ ಕಡೆಗೂ ಇದೇ ಲೆಕ್ಕ ನಡೆಯುವುದಿಲ್ಲ. ವಿಸ್ಕಾನ್ಸಿನ್‌ನ ಉತ್ತರದ ಕಾಡುಗಳಲ್ಲಿ ಹಿಂಡನ್ನು ಚಳಿಗಾಲವೇ ಕತ್ತರಿಸುತ್ತದೆ. ಅಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ, ಹಿಮ 18 ಇಂಚು ಅಥವಾ ಹೆಚ್ಚಿದ್ದ ಪ್ರತಿ ದಿನಕ್ಕೆ ಒಂದು ಅಂಕ, ಕನಿಷ್ಠ ತಾಪಮಾನ ಸೊನ್ನೆ ಫ್ಯಾರನ್‌ಹೀಟ್‌ಗೆ ಅಥವಾ ಅದಕ್ಕೂ ಕೆಳಗೆ ಇಳಿದ ಪ್ರತಿ ದಿನಕ್ಕೆ ಇನ್ನೊಂದು ಅಂಕ ಕೂಡುತ್ತಾರೆ. 50ರ ಒಳಗಿದ್ದರೆ ಸೌಮ್ಯ ಚಳಿಗಾಲ, 100 ದಾಟಿದರೆ ಅತಿ ಕಠಿಣ. ಅಂಥ ಚಳಿಗಾಲ ಕಳೆದ ಮೇಲೆ ಹೆಣ್ಣಿನ ಟ್ಯಾಗ್ ಕಡಿಮೆ ಮಾಡುತ್ತಾರೆ, ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂತೆ) ಕೊಡುವುದೇ ಇಲ್ಲ. ದಕ್ಷಿಣ ಕೆರೊಲಿನಾದ ಸವಾನಾ ನದಿ ಪ್ರದೇಶದಲ್ಲಿ ಕಯೋಟಿ ಎಂಬ ತೋಳದ ಜಾತಿಯ ಸಣ್ಣ ಪ್ರಾಣಿಗಳು ಬಹಳಷ್ಟು ಜಿಂಕೆಮರಿಗಳನ್ನು ಅವು ಹುಟ್ಟಿದ ಮೊದಲ ವಾರಗಳಲ್ಲೇ ತಿಂದುಹಾಕುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಅಂಥ ಕಡೆ ಹೆಣ್ಣೊಂದಕ್ಕೆ 0.9 ಮರಿಯ ಮಾದರಿ ಹಿಡಿದು ಹೊಡೆದರೆ ಹಿಂಡು ಕುಸಿಯುತ್ತದೆ. ಬೇಸಿಗೆ ಕೊನೆಯಲ್ಲಿ ಸಣ್ಣ ನೊಣಗಳಿಂದ ಹರಡುವ ರಕ್ತಸ್ರಾವದ ರೋಗ ಬಂದು ಹಳ್ಳದ ಬದಿಯಲ್ಲಿ ಜಿಂಕೆಗಳು ಸತ್ತುಬಿದ್ದಿದ್ದರೂ ಅಷ್ಟೇ: ಆ ವರ್ಷ ಟ್ಯಾಗ್ ಕೈಯಲ್ಲಿದ್ದರೂ ಹೆಣ್ಣನ್ನು ಬಿಟ್ಟುಬಿಡಿ.

ಎಲ್ಲಿ ಹೊಡೆಯಬೇಕು ಎನ್ನುವುದಕ್ಕೂ ಉತ್ತರ ಜಿಂಕೆಯ ನಡವಳಿಕೆಯಲ್ಲೇ ಇದೆ. ಹೆಣ್ಣುಮರಿಗಳು ದೊಡ್ಡವಾದ ಮೇಲೂ ತಾಯಿಯ ಮಗ್ಗುಲಲ್ಲೇ ನೆಲೆ ಮಾಡಿಕೊಳ್ಳುತ್ತವೆ. ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಒಂದೇ ಕೇರಿಯವರು. ಗಂಡುಗಳು ಒಂದು ವರ್ಷದ ಆಸುಪಾಸಿನಲ್ಲಿ ಊರು ಬಿಟ್ಟು ಮೈಲಿಗಟ್ಟಲೆ ದೂರ ಹೋಗುತ್ತವೆ. ಹಾಗಾಗಿ ಸೋಯಾ ಹೊಲ ಹಾಳಾಗುತ್ತಿರುವುದು ದಕ್ಷಿಣದ ಮೂಲೆಯಲ್ಲಾದರೆ ಹೆಣ್ಣುಗಳನ್ನು ಆ ಮೂಲೆಯಲ್ಲೇ ತೆಗೆಯಬೇಕು. ಸಾಮಾನ್ಯವಾಗಿ ಆಗುವುದು ಬೇರೆ: ಗಾಡಿ ನಿಲ್ಲಿಸಲು ಅನುಕೂಲವಾದ ಗೇಟಿನ ಹತ್ತಿರವೇ ಎಲ್ಲರೂ ಹೊಡೆಯುತ್ತಾರೆ, ಅಲ್ಲಿ ಖಾಲಿಯಾಗುತ್ತದೆ, ಹೊಲದ ಮೂಲೆಯ ಕುಟುಂಬ ಹಾಗೇ ಉಳಿಯುತ್ತದೆ.

ಯಾವಾಗ ಅಂದರೆ, ಎಷ್ಟು ಬೇಗ ಸಾಧ್ಯವೋ ಅಷ್ಟು. ಬಿಲ್ಲಿನ ಬೇಟೆ ವಿಸ್ಕಾನ್ಸಿನ್‌ನಲ್ಲಿ ಸೆಪ್ಟೆಂಬರ್ ಮಧ್ಯದಲ್ಲೇ ತೆರೆಯುತ್ತದೆ. ಬಂದೂಕಿನ ಬೇಟೆಯ ಒಂಬತ್ತು ದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ (ನವೆಂಬರ್‌ನ ನಾಲ್ಕನೆಯ ಗುರುವಾರ) ಮೊದಲಿನ ಶನಿವಾರದಿಂದ. ಮೊದಲ ವಾರಗಳಲ್ಲಿ ಹೆಣ್ಣುಗಳು ಮೇವಿನ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತವೆ. ಅಕ್ಟೋಬರ್‌ನಲ್ಲಿ ತೆಗೆದ ಹೆಣ್ಣು ಆ ಚಳಿಗಾಲದ ಚಿಗುರನ್ನು ಉಳಿದವಕ್ಕೆ ಬಿಟ್ಟುಹೋಗುತ್ತದೆ. ಜನವರಿಯಲ್ಲಿ ತೆಗೆದದ್ದು ಅಷ್ಟರಲ್ಲಿ ತಿಂದು ಮುಗಿಸಿರುತ್ತದೆ. ಇದಕ್ಕಿಂತ ದೊಡ್ಡ ಕಾರಣ, ಮರಿಯ ಗಾತ್ರ. ಸೆಪ್ಟೆಂಬರ್‌ನಲ್ಲಿ ತಾಯಿಗೂ ಮರಿಗೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತದೆ. ಡಿಸೆಂಬರ್‌ನಲ್ಲಿ ದಪ್ಪ ಚಳಿಗಾಲದ ಕೂದಲು ಬೆಳೆಸಿಕೊಂಡು ಕೊಬ್ಬಿದ ಮರಿ ಒಂಟಿಯಾಗಿ ನಿಂತರೆ ನುರಿತವರೂ ತಡವರಿಸುತ್ತಾರೆ.

ಅಟ್ಟಣೆಯ ಮೇಲೆ ಆಗುವ ದೊಡ್ಡ ತಪ್ಪು ಇಲ್ಲೇ ಹುಟ್ಟುವುದು. ಐದಾರು ತಿಂಗಳ ಗಂಡುಮರಿಗೆ ಕೊಂಬು ಇರುವುದಿಲ್ಲ. ತಲೆಯ ಮೇಲೆ ಚರ್ಮ ಮುಚ್ಚಿದ ಎರಡು ಗುಬ್ಬಿಗಳಷ್ಟೇ. ಬಟನ್ ಬಕ್ ಅನ್ನುವುದು ಇದನ್ನೇ. ಹಲವು ರಾಜ್ಯಗಳಲ್ಲಿ ಮೂರು ಇಂಚಿಗಿಂತ ಸಣ್ಣ ಕೊಂಬಿನದೆಲ್ಲ ಕೊಂಬಿಲ್ಲದ ಜಿಂಕೆಯ ಟ್ಯಾಗ್‌ಗೇ ಸೇರುವುದರಿಂದ ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ಹೆಣ್ಣು ಕಡಿಮೆ ಮಾಡಲು ಹೋಗಿ ನಾಳಿನ ಗಂಡನ್ನು ತೆಗೆದಂತಾಯಿತು. ಒಟ್ಟು ಕೊಂಬಿಲ್ಲದ ಬೇಟೆಯಲ್ಲಿ ಬಟನ್ ಬಕ್ ನೂರಕ್ಕೆ ಹತ್ತರ ಒಳಗಿರಲಿ ಎಂಬ ಗುರಿ ಇಟ್ಟುಕೊಳ್ಳಿ.

ಗುರುತಿಸುವುದು ಹೀಗೆ. ಮೊದಲು ಮೈಯ ಆಕಾರ. ಮರಿಯ ಮೈ ಪಕ್ಕದಿಂದ ಚೌಕ: ಎತ್ತರ ಎಷ್ಟೋ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಬಲಿತ ಹೆಣ್ಣಿನದು ಉದ್ದ ಹೆಚ್ಚಿದ ಆಯತ, ಹೊಟ್ಟೆಯ ಗೆರೆ ತುಸು ಇಳಿದಿರುತ್ತದೆ, ಕತ್ತು ನೀಳ. ಆಮೇಲೆ ಮುಖ. ಮರಿಯ ಮೂತಿ ಮೊಂಡು. ಕಣ್ಣಿನಿಂದ ಮೂಗಿನ ತುದಿಗೆ ದೂರ ಕಡಿಮೆ, ತಲೆಗೆ ಹೋಲಿಸಿದರೆ ಕಿವಿ ದೊಡ್ಡದಾಗಿ ಕಾಣುತ್ತದೆ. ಬಲಿತ ಹೆಣ್ಣಿನ ಮುಖ ಉದ್ದ, ಕಿವಿ ಅದಕ್ಕೆ ತಕ್ಕ ಅಳತೆಯದು. ಕೊನೆಗೆ ನೆತ್ತಿ. ಹೆಣ್ಣಿನ ನೆತ್ತಿ ಎರಡು ಕಿವಿಗಳ ನಡುವೆ ದುಂಡಾಗಿ ಎದ್ದಿರುತ್ತದೆ. ಬಟನ್ ಬಕ್‌ನದು ಚಪ್ಪಟೆ, ಕಿವಿಗಳ ಒಳಬದಿಯಲ್ಲಿ ಕೂದಲು ಸುಳಿಯಂತೆ ಎದ್ದು ಎರಡು ಕಪ್ಪು ಚುಕ್ಕೆಗಳಂತೆ ಕಾಣಬಹುದು. ಇದನ್ನು ಬರಿಗಣ್ಣಿನಲ್ಲಿ ನೋಡಲಾಗದು. ಬೈನಾಕ್ಯುಲರ್ ಬೇಕು, ಜಿಂಕೆ ತಲೆ ತಗ್ಗಿಸಿ ಮೇಯುವವರೆಗೆ ಕಾಯುವ ತಾಳ್ಮೆ ಬೇಕು. ಬಂದೂಕಿನ ದೂರದರ್ಶಕವನ್ನೇ ಬೈನಾಕ್ಯುಲರ್ ಮಾಡಿಕೊಳ್ಳುವುದು ಅಪಾಯ. ಗುರುತು ಹಿಡಿಯುವ ಮೊದಲೇ ನಳಿಗೆ ಆ ಕಡೆ ತಿರುಗಿರುತ್ತದೆ, ಅಲ್ಲಿರುವುದು ಮನುಷ್ಯನೂ ಆಗಿರಬಹುದು.

ಇವೆಲ್ಲಕ್ಕಿಂತ ಗಟ್ಟಿಯಾದ ನಿಯಮ ಒಂದಿದೆ: ಒಂಟಿಯಾಗಿ ಬಂದ ಕೊಂಬಿಲ್ಲದ ಜಿಂಕೆಗೆ ಹೊಡೆಯಬೇಡಿ. ಸಂಜೆ ಹೊಲಕ್ಕೆ ಮೊದಲು ಕಾಲಿಡುವುದು ಬಹಳ ಸಲ ಮರಿ, ಅದರಲ್ಲೂ ಗಂಡುಮರಿ. ಅದಕ್ಕೆ ಇನ್ನೂ ಭಯ ಗೊತ್ತಿಲ್ಲ. ತಾಯಿ ಕಾಡಿನ ಅಂಚಿನಲ್ಲಿ ನಿಂತು ಗಾಳಿ ಮೂಸುತ್ತಿರುತ್ತಾಳೆ. ಮೂರು ನಾಲ್ಕು ಜಿಂಕೆ ಒಟ್ಟಿಗೆ ಬಂದು ಪಕ್ಕಪಕ್ಕದಲ್ಲಿ ಮೇಯುವಾಗ ದೊಡ್ಡದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ಹತ್ತಿರದಲ್ಲಿ ಅಳತೆಗೆ ಇನ್ನೊಂದಿಲ್ಲದೆ ಗಾತ್ರ ಹೇಳುವುದು ಯಾರಿಂದಲೂ ಆಗದು. ಬೆಳಕಿನ ಕೊನೆಯ ಹತ್ತು ನಿಮಿಷ ಬರೀ ನೆರಳಿನ ಆಕಾರ ಕಾಣುವಾಗ, ಅನುಮಾನ ಉಳಿದಿದ್ದರೆ ಬೆರಳು ಬಂದೂಕಿನ ಕುದುರೆಯಿಂದ ಆಚೆಗಿರಲಿ.

ಗುಂಪಿನಲ್ಲಿ ಹೊಡೆಯುವಾಗ ಇನ್ನೊಂದು ಎಚ್ಚರ. ರೈಫಲ್ ಗುಂಡು ಜಿಂಕೆಯ ಪಕ್ಕೆ ದಾಟಿ ಆಚೆ ಹೋಗುತ್ತದೆ, ಹಿಂದೆ ನಿಂತ ಮರಿಗೆ ತಗಲುತ್ತದೆ. ಗಾಯಗೊಂಡು ಓಡಿದ ಆ ಎರಡನೆಯದು ಯಾರ ಲೆಕ್ಕಕ್ಕೂ ಬರದೆ ಪೊದೆಯಲ್ಲಿ ಸಾಯುತ್ತದೆ. ನೀವು ಆರಿಸಿದ ಹೆಣ್ಣು ಅಡ್ಡಲಾಗಿ, ಅಥವಾ ಸ್ವಲ್ಪ ಆಚೆಗೆ ಓರೆಯಾಗಿ ನಿಂತು, ಅದರ ಹಿಂದೆ ಬರೀ ನೆಲ ಇರುವವರೆಗೆ ಕಾಯಿರಿ.

ಈಗ ಬಹಳ ಚರ್ಚೆ ಎಬ್ಬಿಸುವ ಮಾತು: ಬಲಿತ ಹೆಣ್ಣುಗಳಲ್ಲೇ ಮುದಿಯದೋ, ಪಡ್ಡೆಯೋ? ‘ಮುದಿ ಹೆಣ್ಣು ಗೊಡ್ಡಾಗಿರುತ್ತದೆ, ಅದನ್ನು ತೆಗೆದರೆ ನಷ್ಟವಿಲ್ಲ’ ಎಂಬುದು ಊರೂರಲ್ಲಿ ಕೇಳಿಬರುವ ಮಾತು. ಅದು ಸುಳ್ಳು. ಕಾಡಿನಲ್ಲಿ ಜಿಂಕೆ ಬದುಕುವಷ್ಟು ಕಾಲವೂ, ಹತ್ತು ವರ್ಷ ದಾಟಿದ್ದು ಕೂಡ, ಸಾಮಾನ್ಯವಾಗಿ ಮರಿ ಹಾಕುತ್ತಲೇ ಇರುತ್ತದೆ. ಮರಿಯಿಲ್ಲದೆ ಕಂಡ ದೊಡ್ಡ ಹೆಣ್ಣು ಗೊಡ್ಡೆಂದು ಅರ್ಥವಲ್ಲ. ಅದರ ಮರಿಯನ್ನು ಕಯೋಟಿ ತಿಂದಿರಬಹುದು, ಅಥವಾ ನವೆಂಬರ್‌ನಲ್ಲಿ ಬೆದೆಯ ಗಂಡು ಬೆನ್ನಟ್ಟಿ ತಾಯಿಮರಿಗಳನ್ನು ಬೇರೆ ಮಾಡಿರಬಹುದು.

ಹಾಗಾದರೆ ಆಯ್ಕೆ ನಿಮ್ಮ ಗುರಿಯ ಮೇಲೆ. ಹಿಂಡು ಬೇಗ ಇಳಿಯಬೇಕಾದರೆ ಎರಡೂವರೆ ವರ್ಷ ದಾಟಿದ ದೊಡ್ಡ ಹೆಣ್ಣುಗಳನ್ನೇ ತೆಗೆಯಿರಿ. ಪ್ರತಿಯೊಂದರ ಜೊತೆ ಮುಂದಿನ ವರ್ಷದ ಎರಡು ಮರಿಗಳ ಲೆಕ್ಕವೂ ಇಳಿಯುತ್ತದೆ. ಹಿಂಡು ಇದ್ದಷ್ಟೇ ಇರಲಿ ಅನ್ನುವವರು, ಅದರಲ್ಲೂ ಕಯೋಟಿ ಹೆಚ್ಚಿರುವ ಕಡೆಯವರು, ಅನುಭವಸ್ಥ ತಾಯಂದಿರನ್ನು ಬಿಟ್ಟು ಒಂದೂವರೆ ವರ್ಷದ ಪಡ್ಡೆಗಳನ್ನು ಆರಿಸಿಕೊಂಡರೆ ಅರ್ಥವಿದೆ. ಮರಿಯನ್ನು ಎಲ್ಲಿ ಅಡಗಿಸಬೇಕು, ಹೇಗೆ ಕಾಯಬೇಕು ಎಂಬುದು ಮೊದಲ ಸೂಲಿನದಕ್ಕಿಂತ ಹಳೆಯ ತಾಯಿಗೆ ಚೆನ್ನಾಗಿ ಗೊತ್ತು. ‘ಕೆಟ್ಟ ತಳಿಯ ಹೆಣ್ಣು’ ಹುಡುಕುವ ಗೋಜಿಗೆ ಮಾತ್ರ ಹೋಗಬೇಡಿ. ಹೆಣ್ಣನ್ನು ನೋಡಿ ಅದರ ಗಂಡುಮಕ್ಕಳ ಕೊಂಬು ಹೇಗಿರುತ್ತದೆಂದು ಹೇಳಲು ಯಾರಿಗೂ ಬರುವುದಿಲ್ಲ.

ತಾಯಿ ಹೋದರೆ ಮರಿ ಏನಾಗುತ್ತದೆ ಎಂಬುದು ಮನಸ್ಸಿಗೆ ನಾಟುವ ಪ್ರಶ್ನೆ, ಕೇಳಲೇಬೇಕಾದದ್ದು ಕೂಡ. ಜೂನ್ ಮೊದಲ ವಾರ ಹುಟ್ಟಿದ ಮರಿ ಹತ್ತು ವಾರಕ್ಕೆಲ್ಲ ಹಾಲಿಲ್ಲದೆ ಮೇವಿನಲ್ಲೇ ಬದುಕಬಲ್ಲದು. ಸೆಪ್ಟೆಂಬರ್ ಮಧ್ಯಕ್ಕೆ ಅದಕ್ಕೆ ನೂರು ದಿನ ದಾಟಿರುತ್ತದೆ. ವರ್ಜೀನಿಯಾದಲ್ಲಿ ತಬ್ಬಲಿ ಗಂಡುಮರಿಗಳ ಮೇಲೆ ನಡೆದ ಅಧ್ಯಯನವೊಂದು, ತಾಯಿ ಇದ್ದವುಗಳಿಗಿಂತ ಅವು ಊರು ಬಿಟ್ಟುಹೋಗುವುದು ಕಡಿಮೆ, ಬದುಕಿ ಉಳಿಯುವುದು ಹೆಚ್ಚು ಎಂದು ತೋರಿಸಿತು. ಮಗನನ್ನು ಅಟ್ಟುವುದೇ ತಾಯಿಯಾದ್ದರಿಂದ. ಆದರೆ ಬೇಟೆಯ ಮೊದಲ ದಿನಗಳಲ್ಲಿ ಮೈಮೇಲೆ ಚುಕ್ಕೆ ಮಾಸದ, ತಡವಾಗಿ ಹುಟ್ಟಿದ ಮರಿ ಜೊತೆಗಿದ್ದರೆ ಆ ತಾಯಿಯನ್ನು ಬಿಡಿ. ಟ್ಯಾಗ್ ಎಲ್ಲಿಗೂ ಹೋಗುವುದಿಲ್ಲ, ಒಂದು ತಿಂಗಳು ಬಿಟ್ಟು ಬನ್ನಿ.

ಹೊಡೆದ ಮೇಲಿನ ಕೆಲಸವೇ ಮುಂದಿನ ವರ್ಷದ ಆಯ್ಕೆಗೆ ಬುನಾದಿ. ಪ್ರತಿ ಹೆಣ್ಣಿಗೂ ನಾಲ್ಕು ವಿಷಯ ಬರೆದಿಡಿ: ದಿನ ಮತ್ತು ಜಾಗ, ಕರುಳು ತೆಗೆದ ಮೇಲಿನ ತೂಕ, ಕೆಚ್ಚಲಲ್ಲಿ ಹಾಲಿತ್ತೋ ಇಲ್ಲವೋ, ವಯಸ್ಸು. ಹಾಲು ನೋಡಲು ಮೊಲೆತೊಟ್ಟನ್ನು ಹಿಂಡಿ, ಬಾರದಿದ್ದರೆ ಕೆಚ್ಚಲನ್ನು ಕೊಯ್ದು ನೋಡಿ. ಎರಡೂವರೆ ದಾಟಿದ ಹೆಣ್ಣುಗಳಲ್ಲಿ ಅಕ್ಟೋಬರ್‌ನಲ್ಲಿ ಹಾಲಿದ್ದವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ ಮರಿಗಳು ಉಳಿಯುತ್ತಿಲ್ಲ ಎಂದರ್ಥ. ಟ್ಯಾಗ್ ಕಡಿಮೆ ಬಳಸಿ.

ವಯಸ್ಸು ಹೇಳುವುದು ಕೆಳದವಡೆ. ಒಂದು ಬದಿಯ ದವಡೆಹಲ್ಲು ಎಣಿಸಿ. ನಾಲ್ಕೋ ಐದೋ ಇದ್ದರೆ ಈ ವರ್ಷದ ಮರಿ. ಆರಿದ್ದು, ಮುಂದಿನಿಂದ ಮೂರನೆಯ ಹಲ್ಲಿಗೆ ಮೂರು ಗುಬ್ಬಿಗಳಿದ್ದರೆ ಅದು ಹಾಲುಹಲ್ಲು, ಜಿಂಕೆಗೆ ಒಂದೂವರೆ ವರ್ಷ. ಕೆಲವೊಮ್ಮೆ ಆ ಸವೆದ ಹಾಲುಹಲ್ಲಿನ ಕೆಳಗಿಂದ ಹೊಸ ಬಿಳಿ ಹಲ್ಲು ಇಣುಕುತ್ತಿರುತ್ತದೆ. ಮೂರನೆಯದಕ್ಕೆ ಎರಡೇ ಗುಬ್ಬಿಯಾದರೆ ಎರಡೂವರೆ ಅಥವಾ ಮೇಲೆ. ಮುಂದಕ್ಕೆ ನಾಲ್ಕನೆಯ ಹಲ್ಲನ್ನು ನೋಡಿ: ನಾಲಿಗೆ ಬದಿಯ ಏಣಿನಲ್ಲಿ ಒಳಗಿನ ಕಂದು ಗೆರೆ ಸುತ್ತಲಿನ ಬಿಳಿ ಎನಾಮೆಲ್‌ಗಿಂತ ಕಿರಿದಾಗಿದ್ದರೆ ಎರಡೂವರೆ, ಅಗಲವಾಗಿದ್ದರೆ ಮೂರೂವರೆ ಅಥವಾ ಮೇಲೆ. ಈ ಪದ್ಧತಿಯನ್ನು ನ್ಯೂಯಾರ್ಕ್‌ನಲ್ಲಿ ವನ್ಯಜೀವಿ ತಜ್ಞ ಸೆವರಿಂಗ್‌ಹಾಸ್ 1949ರಲ್ಲಿ ಪ್ರಕಟಿಸಿದರು. ಮೂರೂವರೆ ದಾಟಿದ ಮೇಲೆ ಸವೆತದ ಅಂದಾಜು ತಪ್ಪುವುದು ಹೆಚ್ಚು. ಖಚಿತವಾಗಿ ಬೇಕಾದರೆ ಮುಂದಿನ ಎರಡು ಬಾಚಿಹಲ್ಲುಗಳನ್ನು ಬೇರುಸಹಿತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಬೇರಿನ ಉಂಗುರ ಎಣಿಸಿ ಹೇಳುತ್ತಾರೆ. ದವಡೆ ಬೇರ್ಪಡಿಸುವ ಮೊದಲೇ ಚೀಟಿ ಕಟ್ಟಿ. ನಾಲ್ಕು ದವಡೆ ಒಂದೇ ಬಕೆಟ್‌ಗೆ ಬಿದ್ದ ಮೇಲೆ ಯಾವುದು ಯಾವ ಜಿಂಕೆಯದೆಂದು ಹೇಳಲಾಗದು.

ಬಡಕಲು ರೋಗ ಇರುವ ಕೌಂಟಿಯಾದರೆ ತಲೆಯನ್ನು ಸುಮಾರು ಐದು ಇಂಚು ಕತ್ತಿನೊಂದಿಗೆ ಪರೀಕ್ಷೆಗೆ ಕೊಡಿ. ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ, ಮಿದುಳು ಕೆಡಿಸಿ ಜಿಂಕೆಯನ್ನು ಕೊಲ್ಲುವ ಈ ರೋಗ 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡಿತು, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ. ಜಿಂಕೆ ನೋಡಲು ದಷ್ಟಪುಷ್ಟವಾಗಿದ್ದರೂ ರೋಗ ಇರಬಹುದು. ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆ ಜಿಂಕೆಯದರ ಜೊತೆ ಬೆರೆಸದೆ ಫ್ರೀಜರ್‌ನಲ್ಲಿಡಿ, ಸೋಂಕಿದ್ದರೆ ತಿನ್ನಬೇಡಿ.

ಟೆಕ್ಸಸ್‌ನಲ್ಲಿರುವವರಿಗೆ ಇನ್ನೊಂದು ಮಾತು. ಅಲ್ಲಿ ‘ಆಕ್ಸಿಸ್’ ಅನ್ನುವುದು ನಮ್ಮ ಚುಕ್ಕಿ ಜಿಂಕೆ, ಬಂಡೀಪುರದ ರಸ್ತೆ ಬದಿಯಲ್ಲಿ ಮೇಯುವ ಅದೇ ಪ್ರಾಣಿ. 1932ರ ಸುಮಾರಿಗೆ ಅಲ್ಲಿಗೆ ತಂದದ್ದು ಈಗ ಗುಡ್ಡಗಾಡಿನಲ್ಲೆಲ್ಲ ಹರಡಿ ಬಿಳಿಬಾಲದ ಜಿಂಕೆಯ ಮೇವಿಗೆ ಪೈಪೋಟಿ ಕೊಡುತ್ತಿದೆ. ಹೊರಗಿನಿಂದ ತಂದ ಪ್ರಾಣಿಯಾದ್ದರಿಂದ ರಾಜ್ಯ ಅದಕ್ಕೆ ಬೇಟೆಯ ಕಾಲವನ್ನಾಗಲಿ ಮಿತಿಯನ್ನಾಗಲಿ ಗೊತ್ತುಮಾಡಿಲ್ಲ. ಬೇಟೆಯ ಪರವಾನಗಿ ಮತ್ತು ಜಮೀನಿನವರ ಒಪ್ಪಿಗೆ ಮಾತ್ರ ಬೇಕೇ ಬೇಕು. ಇಲ್ಲಿಯವರೆಗೆ ಹೇಳಿದ ತಿಂಗಳ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಚುಕ್ಕಿ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಈಯುತ್ತದೆ, ಹೆಚ್ಚಾಗಿ ಒಂದೇ ಮರಿ. ಬಲಿತದ್ದಕ್ಕೂ ಚುಕ್ಕೆ ಇರುವುದರಿಂದ ಚುಕ್ಕೆ ನೋಡಿ ಮರಿಯ ವಯಸ್ಸು ತಿಳಿಯಲಾಗದು. ಹಾಗಾಗಿ ಹೊಡೆಯುವ ಮೊದಲು ಹಿಂಗಾಲುಗಳ ನಡುವೆ ಬೈನಾಕ್ಯುಲರ್ ಹಿಡಿದು ನೋಡಿ. ಕೆಚ್ಚಲು ತುಂಬಿ ಬಿಗಿದಿದ್ದರೆ ಹುಲ್ಲಿನಲ್ಲಿ ಎಲ್ಲೋ ಎಳೆಮರಿ ಮಲಗಿದೆ; ಅದನ್ನು ಬಿಟ್ಟು, ಕೆಚ್ಚಲು ಇಂಗಿದ ಇನ್ನೊಂದಕ್ಕೆ ಕಾಯಿರಿ. ಅಲ್ಲಿ ಹಿಂಡು ದೊಡ್ಡದಿರುತ್ತದೆ, ಅಂಥದ್ದು ಸಿಕ್ಕೇ ಸಿಗುತ್ತದೆ.